ಬಳ್ಳಾರಿ ರಸ್ತೆಯ ಗಾಣ: ಎಣ್ಣೆಗೆ ಪೂರ್ತಿ ಅಂಕ, ಬೆಲೆಗೆ ಅಲ್ಲ

ಎಣ್ಣೆ ಚೆನ್ನಾಗಿದೆ, ಕಣ್ಣು ಮುಚ್ಚಿ ತಗೊಳ್ಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಎಣ್ಣೆಗಿಂತ ಎಣ್ಣೆಯ ಸುತ್ತಲಿನ ಮಾತೇ ಹೆಚ್ಚಿರುತ್ತದೆ. ಚಳ್ಳಕೆರೆಯ ನೆಹರು ವೃತ್ತದಿಂದ ಬಳ್ಳಾರಿ ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಎಡಗಡೆ ಒಂದು ತಗಡಿನ ಶೆಡ್ಡು, ಒಳಗೆ ಎರಡು ಮರದ ಗಾಣ. ಬೋರ್ಡ್ ಓದುವ ಮೊದಲೇ ಹುರಿಯದ ಶೇಂಗಾದ ಹಸಿ ವಾಸನೆ ಮೂಗಿಗೆ ಬರುತ್ತದೆ. ಅಂಗಡಿಯ ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಈಗ ಬರುತ್ತಿರುವ ಆರ್ಡರನ್ನೇ ಪೂರೈಸಲು ಆಗುತ್ತಿಲ್ಲವಂತೆ. ಹುಡುಕುವವರಿಗೆ ಗುರುತು ಇಷ್ಟು ಸಾಕು.

ನಾನು ಇದೇ ತಾಲ್ಲೂಕಿನ ಹಳ್ಳಿಯವಳು. ಈಗ ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಅವ್ವ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ಕೂಲಿಗೆ ಹೋಗುತ್ತಿದ್ದಳು. ಮೊರದಲ್ಲಿ ಕೇರಿ, ಕಲ್ಲು, ಕಡ್ಡಿ, ಜಳ್ಳು, ಬೂಷ್ಟು ಹಿಡಿದ ಬೀಜ ಎಲ್ಲವನ್ನೂ ಬೇರೆ ಮಾಡಿ, ಸಂಜೆ ಅವಳು ಮನೆಗೆ ಬಂದರೆ ಸೆರಗಿನ ತುಂಬ ಶೇಂಗಾ ಸಿಪ್ಪೆಯ ಕೆಂಪು ಪುಡಿ. ನನ್ನ ಓದಿನ ಮೊದಲ ಪುಸ್ತಕಗಳು ಬಂದದ್ದು ಆ ಮಿಲ್ಲಿನ ಶನಿವಾರದ ಬಟವಾಡೆಯಿಂದ. ಆದ್ದರಿಂದ ಒಂದು ಗಾಣದ ಅಂಗಡಿಯ ಬಗ್ಗೆ ಬರೆಯುವಾಗ ರುಚಿಯನ್ನಷ್ಟೇ ಬರೆದು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ತರಗತಿಯಲ್ಲಿ ಜಾಗತೀಕರಣದ ಪಾಠ ಬಂದಾಗ ಮಕ್ಕಳು ಮೊಬೈಲು, ಪಿಜ್ಜಾ, ಕಾಲ್ ಸೆಂಟರ್ ಅಂತ ಉದಾಹರಣೆ ಕೊಡುತ್ತಾರೆ. ನಾನು ಅವರ ಮನೆಯ ಒಗ್ಗರಣೆ ಸೌಟನ್ನು ನೋಡಲು ಹೇಳುತ್ತೇನೆ.

ಮೊದಲು ಎಣ್ಣೆ. ಬಣ್ಣ ತಿಳಿಯಾದ ಹೊಂಬಣ್ಣ. ಬಾಟಲಿಯ ತಳದಲ್ಲಿ ತೆಳ್ಳಗೆ ಮಡ್ಡಿ ಇಳಿದಿರುತ್ತದೆ, ಅದು ಕಲಬೆರಕೆಯಲ್ಲ. ರಿಫೈನ್ ಮಾಡದೆ, ಬರೀ ಬಟ್ಟೆಯಲ್ಲಿ ಸೋಸಿದ ಎಣ್ಣೆಗೆ ಮಡ್ಡಿ ಇದ್ದೇ ಇರುತ್ತದೆ. ಬಾಣಲೆಗೆ ಹಾಕಿದಾಗ ಮೊದಮೊದಲು ನೊರೆ ಏಳುತ್ತದೆ, ಗಾಬರಿಯಾಗಬೇಡಿ, ಉರಿ ಸಣ್ಣ ಮಾಡಿ. ಒಗ್ಗರಣೆ ಮಂಡಕ್ಕಿಗೆ ಹಾಕಿದರೆ ವಾಸನೆ ಬೀದಿಗೇ ಹೋಗುತ್ತದೆ. ಮಿರ್ಚಿ ಕರಿದೂ ನೋಡಿದೆ. ಎಣ್ಣೆ ಹೀರುವುದಿಲ್ಲ ಎಂದು ಅಂಗಡಿಯವರು ಹೇಳುವುದನ್ನು ನಾನು ಒಪ್ಪುವುದಿಲ್ಲ, ಹಿಟ್ಟು ಹೀರುವಷ್ಟು ಹೀರಿಯೇ ತೀರುತ್ತದೆ. ಕರಿಯಲು ಇಂಥ ಎಣ್ಣೆ ಸುರಿಯುವುದು ದಂಡ. ಇದರ ನಿಜವಾದ ರುಚಿ ಹಸಿಯಲ್ಲಿದೆ. ಸಜ್ಜೆ ರೊಟ್ಟಿಯ ಮೇಲೆ ಗುರೆಳ್ಳು ಪುಡಿ ಹಾಕಿ, ನಡುವೆ ಬೆರಳಿನಿಂದ ಗುಳಿ ಮಾಡಿ ಒಂದು ಚಮಚ ಎಣ್ಣೆ ಬಿಟ್ಟು ಕಲಸಿಕೊಂಡು ತಿನ್ನಿ. ಅವ್ವನಿಗೆ ಹಾಗೆ ಕಲಸಿ ಕೊಟ್ಟೆ. ಎರಡನೇ ರೊಟ್ಟಿ ಕೇಳಿದಳು, ವಯಸ್ಸಾದ ಮೇಲೆ ಅವಳು ಕೇಳುವುದೇ ಅಪರೂಪ.

ಗಾಣ ನೋಡಿಕೊಳ್ಳುವ ಯಜಮಾನರು ಅಂಗಡಿಯ ಮಾಲೀಕರಲ್ಲ, ದಿನಗೂಲಿಗಿರುವವರು. ಹಿಂದೆ ಮಿಲ್ಲಿನಲ್ಲಿ ಎಕ್ಸ್‌ಪೆಲ್ಲರ್ ಎಂಬ ಬೀಜ ಹಿಂಡುವ ಯಂತ್ರದ ಮೇಲೆ ದುಡಿದವರು. ಮರದ ಒರಳಿಗೆ ಬೀಜ ಸುರಿದು, ಕೈಯಲ್ಲಿ ನೀರು ಚಿಮುಕಿಸಿ, ಒನಕೆ ತಿರುಗುವ ಸದ್ದು ಕೇಳಿಯೇ ಎಣ್ಣೆ ಬಿಟ್ಟಿತೋ ಇಲ್ಲವೋ ಹೇಳುತ್ತಾರೆ. ಎತ್ತಿನ ಬದಲು ಮೋಟಾರು ಇದೆ ಅಷ್ಟೇ, ವೇಗ ಮಾತ್ರ ಎತ್ತಿನದೇ ನಿಧಾನ. “ಎಕ್ಸ್‌ಪೆಲ್ಲರ್ ಮುಂದೆ ನಿಂತ್ರೆ ಮೈಯೆಲ್ಲ ಬೇಯೋದು ಕಣವ್ವ. ಇಲ್ಲಿ ಕೈಯಿಟ್ಟು ನೋಡು, ಬೆಚ್ಚಗೈತೆ ಅಷ್ಟೇ,” ಅಂದರು. ಕೈಯಿಟ್ಟೆ, ನಿಜ. ಒಂದು ಒಬ್ಬೆ ಮುಗಿಯಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಆಮೇಲೆ ಸ್ಟೀಲ್ ಪಾತ್ರೆಯಲ್ಲಿ ಕೆಲವು ದಿನ ಬಿಸಿಲಿಗಿಟ್ಟು ಮಡ್ಡಿ ಇಳಿಸುತ್ತಾರೆ.

ಬಾಟಲಿ ಎಣ್ಣೆ ಲೀಟರಿಗೆ 340 ರೂಪಾಯಿ. ಆದರೆ ನಾನು ಮೆಚ್ಚಿದ್ದು ಬಾಟಲಿಯನ್ನಲ್ಲ, ಇವರು ಕೊಡುವ ಇನ್ನೊಂದು ಸೇವೆಯನ್ನು. ನಮ್ಮದೇ ಶೇಂಗಾ ತಗೊಂಡು ಹೋದರೆ ಆಡಿಸಿ ಕೊಡುತ್ತಾರೆ, ಕೆಜಿ ಬೀಜಕ್ಕೆ 30 ರೂಪಾಯಿ ಕೂಲಿ. ಸುಮಾರು ಎರಡೂವರೆ ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ ಬರುತ್ತದೆ, ಹಿಂಡಿಯೂ ನಮ್ಮದೇ. ಬೇಡವೆಂದರೆ ಹಿಂಡಿಯನ್ನು ಅವರೇ ಕೊಂಡು ಕೂಲಿಯಲ್ಲಿ ಕಳೆಯುತ್ತಾರೆ. ಮನೆಯಲ್ಲಿ ಎಮ್ಮೆ ಇರುವವರಿಗೆ ಇದು ನಿಜಕ್ಕೂ ಲಾಭ. ನಮ್ಮ ಚಿಕ್ಕಪ್ಪನ ಹೊಲದ ಬೀಜ ಆಡಿಸಿದಾಗ ನನಗೆ ಬಾಟಲಿಗಿಂತ ಅಗ್ಗವಾಗಿ ಬಂತು, ಎದುರಿಗೇ ಆಡಿಸಿದ್ದರಿಂದ ಕಲಬೆರಕೆಯ ಅನುಮಾನವೂ ಉಳಿಯಲಿಲ್ಲ. ಕಾಯುವವರಿಗೆ ಒಂದು ಉದ್ದನೆಯ ಬೆಂಚು ಹಾಕಿದ್ದಾರೆ. ಯಾವ ಊರು, ಯಾವ ಕೇರಿ ಅಂತ ಯಾರೂ ಕೇಳದೆ ಎಲ್ಲರೂ ಅದರ ಮೇಲೆ ಒತ್ತಿಕೊಂಡು ಕೂರುತ್ತಾರೆ.

ಆ ಬೆಂಚಿನ ಬಗ್ಗೆ ಹೇಳಲು ಕಾರಣವಿದೆ. ಹಿಂದಿನ ಕಾಲ ಬಂಗಾರವಾಗಿತ್ತು ಎಂದು ಗಾಣದ ಎಣ್ಣೆಯ ಜಾಹೀರಾತುಗಳು ಹೇಳುತ್ತವೆ. ನಮ್ಮಜ್ಜಿಯ ಕಾಲದಲ್ಲಿ ನಮ್ಮ ಕೇರಿಯ ಹೆಂಗಸರು ಗಾಣದ ಮನೆಯ ಹೊರಗೆ ನಿಂತು, ಮೇಲಿನಿಂದ ಹೊಯ್ಸಿಕೊಂಡು ಎಣ್ಣೆ ತರುತ್ತಿದ್ದರು. ಕೊಡುವವರ ಕೈಯೂ ತಗೊಳ್ಳುವವರ ಪಾತ್ರೆಯೂ ಒಂದಕ್ಕೊಂದು ತಾಗಬಾರದಿತ್ತು. ಆ ಕಟ್ಟನ್ನು ಸಡಿಲ ಮಾಡಿದ್ದರಲ್ಲಿ ಮಿಲ್ಲಿಗೂ ಪಾಲಿದೆ. ಮಿಲ್ಲಿನ ಅಂಗಳದಲ್ಲಿ ಬೇರೆ ಬೇರೆ ಜಾತಿಯ ಹೆಂಗಸರು ಸಾಲಾಗಿ ಕೂತು ಬೀಜ ಹಸನು ಮಾಡಿದರು, ಕೂಲಿ ದುಡ್ಡಿನಲ್ಲಿ ಬಂತು, ದುಡ್ಡು ಕೊಟ್ಟರೆ ಯಾವ ಅಂಗಡಿಯಲ್ಲಾದರೂ ಎಣ್ಣೆ ಸಿಕ್ಕಿತು. ಮಾರುಕಟ್ಟೆ ನಮಗೆ ಏನು ಕೊಟ್ಟಿತು ಎಂಬುದನ್ನು ಮರೆತು, ಅದು ಏನು ಕಿತ್ತುಕೊಂಡಿತು ಎಂದಷ್ಟೇ ಬರೆದರೆ ಅವ್ವನಿಗೆ ಅನ್ಯಾಯ ಮಾಡಿದಂತೆ.

ಕಿತ್ತುಕೊಂಡದ್ದೂ ಸಣ್ಣದಲ್ಲ. ಈ ಸೀಮೆಗೂ ಎಣ್ಣೆಗೂ ನಂಟು ಹಳೆಯದು, ದುರ್ಗದ ಕೋಟೆಯ ಎಣ್ಣೆ ಕೊಳಗಳನ್ನು ನೋಡಿದವರಿಗೆ ಗೊತ್ತು. ಮಳೆ ಕಡಿಮೆ, ಕೆಂಪು ನೆಲ, ಶೇಂಗಾಕ್ಕೆ ಹೇಳಿ ಮಾಡಿಸಿದ ಜಾಗ. ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆದದ್ದು ಮಿಲ್ಲುಗಳ ಆ ಸಾಲನ್ನು ನೋಡಿಯೇ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. 1990ರ ದಶಕದ ಆರಂಭದ ಹೊತ್ತಿಗೆ ಅಡುಗೆ ಎಣ್ಣೆಯಲ್ಲಿ ದೇಶ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. ಅವ್ವ ಹಬ್ಬದ ದಿನ ಬಿಟ್ಟು ಉಳಿದ ದಿನವೆಲ್ಲ ಕೆಲಸಕ್ಕೆ ಹೋಗುತ್ತಿದ್ದುದು ಆ ವರ್ಷಗಳಲ್ಲೇ. 1991ರ ಆರ್ಥಿಕ ಸುಧಾರಣೆಗಳ ಹಿಂದೆಯೇ, 1994ರಲ್ಲಿ ಪಾಮೊಲಿನ್, ಅಂದರೆ ತಾಳೆ (ಪಾಮ್) ಎಣ್ಣೆಯಿಂದ ತೆಗೆದ ಅಡುಗೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಆಗ ಸುಂಕ ಶೇ 65. 1998ರ ಹೊತ್ತಿಗೆ ಅದು ಶೇ 15ಕ್ಕೆ ಇಳಿದಿತ್ತು.

ಇಲ್ಲಿ ನನ್ನ ವಿದ್ಯಾರ್ಥಿಗಳನ್ನು ನಿಲ್ಲಿಸಿ ಕೇಳುತ್ತೇನೆ: ಸುಂಕ ಇಳಿಸಿದ್ದು ಯಾರು? ಎಲ್ಲರೂ ಒಂದೇ ದನಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಅನ್ನುತ್ತಾರೆ. ಅದು ಸರಿಯಲ್ಲ. ಆ ಸಂಸ್ಥೆಯ ಒಪ್ಪಂದದಲ್ಲಿ ಪಾಮ್ ಎಣ್ಣೆಗೆ ಶೇ 300ರವರೆಗೆ ಸುಂಕ ಹಾಕುವ ಅವಕಾಶ ಭಾರತಕ್ಕಿತ್ತು. ಇಳಿಸಿದ್ದು ನಮ್ಮದೇ ಸರ್ಕಾರಗಳು. ಪೇಟೆಯ ಗ್ರಾಹಕರಿಗೆ ಅಗ್ಗದ ಎಣ್ಣೆ ಬೇಕಿತ್ತು, ಬೆಲೆ ಏರಿದರೆ ಓಟು ಹೋಗುತ್ತಿತ್ತು. ಜಾಗತೀಕರಣವನ್ನು ಮಳೆಯ ಹಾಗೆ ಮೇಲಿಂದ ತಾನಾಗಿ ಸುರಿದದ್ದು ಎಂದು ಪಾಠ ಮಾಡುವುದು ನನಗೆ ಆಗಿಬರುವುದಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಕೂತು ಯಾರ ಹೊಟ್ಟೆ ಮೊದಲು, ಯಾರದು ಆಮೇಲೆ ಎಂದು ತೀರ್ಮಾನಿಸುತ್ತಾರೆ. ಈಗಲೂ ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಪಾಮ್ ಎಣ್ಣೆಯ ಮೂಲ ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು, 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಯಿತು. ಚಳ್ಳಕೆರೆ ಎಪಿಎಂಸಿಗೆ ಶೇಂಗಾ ಹೇರಿಕೊಂಡು ಬರುವ ರೈತನಿಗೆ ಈ ಏರಿಳಿತ ಗೊತ್ತಾಗುವುದು ಹರಾಜಿನಲ್ಲಿ.

1998ರಲ್ಲೇ ಇನ್ನೊಂದು ಪೆಟ್ಟು ಬಿತ್ತು. ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಜನ ಸತ್ತರು. ಆ ವರ್ಷವೇ ಬಿಡಿ ಎಣ್ಣೆಯ ಮಾರಾಟಕ್ಕೆ ಕಡಿವಾಣ ಹಾಕಿ, ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಬಂತು. ಜನರ ಪ್ರಾಣದ ಪ್ರಶ್ನೆ, ಆದೇಶವನ್ನು ತಪ್ಪೆನ್ನಲಾರೆ. ಆದರೆ ಡಬ್ಬಿ ತಗೊಂಡು ಹೋಗಿ ಪಾವು, ಅಚ್ಚೇರು ಲೆಕ್ಕದಲ್ಲಿ ಎಣ್ಣೆ ತರುತ್ತಿದ್ದ ಮನೆಗಳಿಗೆ ಸಣ್ಣ ಮಿಲ್ಲಿನ ಜೊತೆಗಿದ್ದ ಕೊಂಡಿ ಅಲ್ಲಿ ಕಳಚಿತು. ಪ್ಯಾಕಿಂಗ್ ಯಂತ್ರ, ಲ್ಯಾಬು, ಬ್ರ್ಯಾಂಡು ಇದ್ದವರು ಉಳಿದರು. ದೊಡ್ಡ ರಿಫೈನರಿಗಳು ಹಡಗು ಬಂದು ನಿಲ್ಲುವ ಕಡೆ ಎದ್ದವು: ಮಂಗಳೂರು, ಕಾಕಿನಾಡ, ಕೃಷ್ಣಪಟ್ಟಣ. ಶೇಂಗಾ ಬೆಳೆಯುವ ಊರಿನಲ್ಲಿದ್ದ ಎಣ್ಣೆಯ ಕೆಲಸ ಬಂದರಿಗೆ ಹೋಯಿತು. ಸಣ್ಣ ಕೈಗಾರಿಕೆಗಳಿಗೆಂದೇ ಮೀಸಲಿಟ್ಟಿದ್ದ ಪಟ್ಟಿಯಲ್ಲಿ ಶೇಂಗಾ ಎಣ್ಣೆಯೂ ಇತ್ತು. 2015ರಲ್ಲಿ ಉಪ್ಪಿನಕಾಯಿ, ಬ್ರೆಡ್ಡು, ಬೆಂಕಿಪೆಟ್ಟಿಗೆ, ಅಗರಬತ್ತಿಯ ಜೊತೆಗೆ ಅದನ್ನೂ ಪಟ್ಟಿಯಿಂದ ತೆಗೆದರು. ತೆಗೆಯುವ ಹೊತ್ತಿಗೆ ನಮ್ಮೂರಿನಲ್ಲಿ ಕಾಪಾಡಿಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಎಲ್ಲದಕ್ಕೂ ಆಮದೇ ಕಾರಣ ಎನ್ನಲಾರೆ. ಮಳೆ ಕೈಕೊಟ್ಟ ವರ್ಷಗಳು, ಶೇಂಗಾಕ್ಕೆ ಬಂದ ರೋಗ, ಬೋರ್‌ವೆಲ್ ಇದ್ದವರು ಈರುಳ್ಳಿ, ಮೆಕ್ಕೆಜೋಳ, ಅಡಿಕೆಗೆ ಹೊರಳಿದ್ದು, ಎಲ್ಲವೂ ಸೇರಿವೆ. ಮಿಲ್ಲುಗಳು ಪೂರ್ತಿ ಸತ್ತಿಲ್ಲ, ಕೆಲವು ಇವತ್ತಿಗೂ ನಡೆಯುತ್ತಿವೆ. ಅವ್ವ ದುಡಿದ ಮಿಲ್ಲು ಮಾತ್ರ ಈಗ ಗೋಡೌನು.

ಈಗ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ವರ್ಷಕ್ಕೆ ಸುಮಾರು 160 ಲಕ್ಷ ಟನ್. ಅದರಲ್ಲಿ ಪಾಮ್ ಎಣ್ಣೆಯದೇ ದೊಡ್ಡ ಪಾಲು, ಬರುವುದು ಮುಖ್ಯವಾಗಿ ಇಂಡೋನೇಷ್ಯಾ ಮತ್ತು ಮಲೇಷ್ಯಾದಿಂದ. ದೂರದ ಊರುಗಳು ಒಂದಕ್ಕೊಂದು ಹೆಣೆದುಕೊಂಡು, ಅಲ್ಲಿ ಆದದ್ದು ಇಲ್ಲಿಯ ಬದುಕನ್ನು ರೂಪಿಸುವ ಸ್ಥಿತಿಯೇ ಜಾಗತೀಕರಣ ಎಂದು ಸಮಾಜಶಾಸ್ತ್ರಜ್ಞ ಆಂಥೊನಿ ಗಿಡೆನ್ಸ್ ವಿವರಿಸುತ್ತಾರೆ. ಪರೀಕ್ಷೆಯಲ್ಲಿ ಇದನ್ನು ಬರೆಯದ ವಿದ್ಯಾರ್ಥಿಯಿಲ್ಲ. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ಪಾಮ್ ಎಣ್ಣೆಯ ರಫ್ತನ್ನೇ ನಿಲ್ಲಿಸಿದಾಗ ಅದು ಕಣ್ಣೆದುರಿಗೆ ಬಂತು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಮೊದಲೇ ತುಟ್ಟಿಯಾಗಿತ್ತು. ದುರ್ಗದ ನಮ್ಮ ರಸ್ತೆಯ ಮಿರ್ಚಿ ಗಾಡಿಯವರು ಪ್ಲೇಟಿನ ಬೆಲೆ ಏರಿಸಿದರೆ ಗಿರಾಕಿ ಬರುವುದಿಲ್ಲವೆಂದು ಮೆಣಸಿನಕಾಯಿಯ ಗಾತ್ರವನ್ನೇ ಇಳಿಸಿದರು. ಮೇ 23ಕ್ಕೆ ನಿಷೇಧ ತೆರವಾಯಿತು. ಮಿರ್ಚಿ ಮಾತ್ರ ಮತ್ತೆ ದೊಡ್ಡದಾಗಲಿಲ್ಲ.

ಆ ಎಣ್ಣೆಯ ಇನ್ನೊಂದು ತುದಿಯಲ್ಲೂ ಕೂಲಿಯವರೇ ಇದ್ದಾರೆ. ಇಂಡೋನೇಷ್ಯಾದ ಸುಮಾತ್ರ, ಕಾಲಿಮಂಟನ್‌ಗಳಲ್ಲಿ ಕಾಡು ಕಡಿದು ಎದ್ದ ತಾಳೆ ತೋಟಗಳಲ್ಲಿ ಗೊಬ್ಬರ ಹಾಕುವುದು, ಔಷಧಿ ಹೊಡೆಯುವುದು, ಉದುರಿದ ಹಣ್ಣು ಆಯುವುದು ಬಹಳಷ್ಟು ಹೆಂಗಸರ ಪಾಲಿನ ಕೆಲಸ. ಮಲೇಷ್ಯಾದ ತೋಟಗಳಿಗಾದರೆ ಬ್ರಿಟಿಷರ ಕಾಲದಲ್ಲೇ ತಮಿಳು ಸೀಮೆಯಿಂದ ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ದಿದ್ದರು, ಆಗ ರಬ್ಬರಿಗೆ. ಅವ್ವನ ಕೆಲಸ ಹೋದದ್ದಕ್ಕೆ ಆ ಹೆಂಗಸರ ಮೇಲೆ ಸಿಟ್ಟು ಮಾಡಿಕೊಳ್ಳುವ ಮಾತೇ ಇಲ್ಲ. ಅವರೂ ಅವ್ವನೂ ಎದುರುಬದುರು ಕೂತರೆ ಬಟವಾಡೆ, ಸೊಂಟ ನೋವು, ಮಕ್ಕಳ ಫೀಸು ಅಂತ ಮಾತು ಹೇಗಾದರೂ ಸಾಗುತ್ತದೆ.

ಗಾಣದ ಅಂಗಡಿಯ ಬಾಟಲಿಯ ಮೇಲಿನ ಚೀಟಿ ನನಗೆ ಹಿಡಿಸಲಿಲ್ಲ. ಪೂರ್ತಿ ಇಂಗ್ಲಿಷ್. ‘ಕೊಲೆಸ್ಟರಾಲ್ ಇಲ್ಲ’ ಎಂದು ದೊಡ್ಡದಾಗಿ ಹಾಕಿದ್ದಾರೆ. ಗಿಡದಿಂದ ತೆಗೆದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ, ಪಾಮೊಲಿನ್ ಪ್ಯಾಕೆಟ್ಟಿನವರೂ ಅದನ್ನೇ ಹೇಳಬಹುದು. ‘ಸಾವಿರಾರು ವರ್ಷಗಳ ಪರಂಪರೆ’ ಎಂದೂ ಇದೆ. ಗಾಣಕ್ಕೆ ಆ ಮಾತು ಸಲ್ಲುತ್ತದೆ, ಹನ್ನೆರಡನೇ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಎಂಬುವರೇ ಇದ್ದರು. ಆದರೆ ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ಇಲ್ಲಿಗೆ ಬಂದು ಕೆಲವೇ ಶತಮಾನ. ಮಿರ್ಚಿಯ ಮೆಣಸಿನಕಾಯಿಯೂ ಅಮೆರಿಕ ಖಂಡಗಳ ಕಡೆಯಿಂದಲೇ ಬಂದದ್ದು. ಹಡಗಿನಲ್ಲಿ ಬಂದದ್ದೆಲ್ಲ ಪರಕೀಯ ಎಂದರೆ ದಾವಣಗೆರೆ, ದುರ್ಗದ ಸಂಜೆಯ ತಿಂಡಿಯಲ್ಲಿ ಮಂಡಕ್ಕಿ ಬಿಟ್ಟು ಹೆಚ್ಚೇನೂ ಉಳಿಯುವುದಿಲ್ಲ. ನನ್ನ ತಕರಾರು ವಸ್ತು ಹೊರಗಿಂದ ಬಂದದ್ದಕ್ಕಲ್ಲ. ಬಂದಾಗ ಇಲ್ಲಿ ದುಡಿಯುತ್ತಿದ್ದವರನ್ನು ಯಾರೂ ಕೇಳಲಿಲ್ಲ ಎಂಬುದಕ್ಕೆ.

ಚೀಟಿಯಲ್ಲಿ ಇರಬೇಕಾದ ಮಾತು ಬೇರೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಆದ್ದರಿಂದ ಇಂಥ ಅಂಗಡಿಯಲ್ಲಿ ಮರದ ಒರಳಿಗಿಂತ ಮುಖ್ಯವಾದದ್ದು ಬೀಜ ಆರಿಸುವ ಕೈ. ಇಲ್ಲಿ ಇಬ್ಬರು ಹೆಂಗಸರು ಬಾಗಿಲ ಬಳಿ ಬೆಳಕಿನಲ್ಲಿ ಕೂತು ಒಂದೊಂದೇ ಬೀಜ ನೋಡಿ ಆರಿಸುತ್ತಾರೆ. ಅವರ ಮೊರ ನೋಡಿದೆ, ಅವ್ವ ಒಪ್ಪುವಷ್ಟು ಚೊಕ್ಕ. ಎಣ್ಣೆಯನ್ನು ಲ್ಯಾಬಿಗೆ ಕಳಿಸಿದ್ದೀರಾ ಎಂದು ಕೇಳಿದೆ. ಮಾಲೀಕರು ವರದಿ ತೋರಿಸಿದರು, ಹಳೆಯದು. ಪ್ರತಿ ಹೊಸ ಬೆಳೆಗೂ ಮಾಡಿಸಿ, ವರದಿಯನ್ನು ಗೋಡೆಗೆ ಅಂಟಿಸಿ ಎಂದು ಹೇಳಿ ಬಂದಿದ್ದೇನೆ.

ಇನ್ನು ಬೆಲೆ. ಬೀಜ ಆರಿಸುವ ಹೆಂಗಸರಿಗೆ ದಿನಗೂಲಿ 350 ರೂಪಾಯಿ, ಗಾಣದ ಯಜಮಾನರಿಗೆ 600. ದಿನವಿಡೀ ಬಗ್ಗಿ ಕೂತರೆ ಹೆಂಗಸಿಗೆ ಒಂದು ಲೀಟರ್ ಎಣ್ಣೆ. ಮನೆಯಲ್ಲಿ ಏನು ಬಳಸುತ್ತೀರಿ ಎಂದು ಒಬ್ಬಾಕೆಯನ್ನು ಕೇಳಿದೆ. “ಪ್ಯಾಕೆಟ್ಟೇ ಕಣಕ್ಕ. ಇದು ಹಬ್ಬಕ್ಕೆ ಅರ್ಧ ಲೀಟ್ರು ಕೊಡ್ತಾರೆ, ಒಬ್ಬಟ್ಟಿಗೆ ಎತ್ತಿಡ್ತೀನಿ,” ಅಂದಳು. ಶೇಂಗಾ ಬೆಳೆಯುವವರ ಕಥೆಯೂ ಹೀಗೇ. ಒಂದು ಲೀಟರ್ ಎಣ್ಣೆಗೆ ಸುಮಾರು ಮೂರೂವರೆ ಕೆಜಿ ಕಾಯಿ ಬೇಕು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ ಪೂರ್ತಿ ಸಿಕ್ಕಿದರೂ ಅದಕ್ಕೆ 254 ರೂಪಾಯಿ. ಬೆಳೆದವರು ಕಾಯಿ ಮಾರಿ, ಬಸ್ಸಿಳಿದು, ಪಾಮೊಲಿನ್ ಪ್ಯಾಕೆಟ್ ಹಿಡಿದು ಮನೆಗೆ ಹೋಗುತ್ತಾರೆ.

ಬಾಟಲಿ ಕೊಳ್ಳುವವರು ಯಾರು? ಕುದಾಪುರದ ಕಡೆ ಕೆಲಸ ಮಾಡುವ ವಿಜ್ಞಾನ ಸಂಸ್ಥೆಗಳ ಮಂದಿ, ದುರ್ಗದ ಡಾಕ್ಟರುಗಳು, ಮೇಷ್ಟ್ರುಗಳು, ಬಸ್ಸಿನ ಮೇಲೆ ಪಾರ್ಸೆಲ್ ತರಿಸಿಕೊಳ್ಳುವ ಬೆಂಗಳೂರಿನವರು. ಮಾಲೀಕರೂ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು, ಯಾವ ಮಾತು ಯಾರಿಗೆ ತಾಗುತ್ತದೆ ಎಂದು ಬಲ್ಲವರು. ರುಚಿ ಎಂಬುದು ನಾಲಿಗೆಯದಷ್ಟೇ ಅಲ್ಲ, ವರ್ಗದ್ದೂ ಹೌದು ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೋ ತೋರಿಸಿದ್ದಾರೆ. ಮೂವತ್ತು ವರ್ಷದ ಹಿಂದೆ ಶೇಂಗಾ ಎಣ್ಣೆ ನಮ್ಮಂಥವರ ಮನೆಯ ದಿನದ ಎಣ್ಣೆ, ಪ್ಯಾಕೆಟ್ಟು ಅನುಕೂಲಸ್ಥರ ಮನೆಯದು. ಈಗ ತಿರುಗುಮುರುಗು. ಊರಿನ ವಸ್ತು ಊರಿಗೆ ಮರಳಿ ಬಂದಿದೆ, ಆದರೆ ಬಾಟಲಿಯಲ್ಲಿ, ಕಾರಿರುವವರ ಮನೆಗೆ. ಬೇರೂರಿನವರು ಈ ಅಂಗಡಿಯ ಬಗ್ಗೆ ಬರೆದದ್ದನ್ನೆಲ್ಲ ಓದಿದ್ದೇನೆ, ಈ ಮಾತನ್ನು ಒಬ್ಬರೂ ಎತ್ತಿಲ್ಲ. ನನಗೆ ಅದು ನೋವಿನ ಸಂಗತಿ.

ಇದು ಮಾಲೀಕರ ತಪ್ಪು ಎನ್ನಲಾರೆ. ಲೆಕ್ಕ ಕೇಳಿದೆ, ಬಚ್ಚಿಡದೆ ತೋರಿಸಿದರು: ಬೀಜ, ಕರೆಂಟು, ಕೂಲಿ, ಬಾಡಿಗೆ ಕಳೆದರೆ ಲೀಟರಿಗೆ ಉಳಿಯುವುದು ಅಲ್ಪ. ಆದರೂ ಎರಡು ಕೆಲಸ ಅವರ ಕೈಯಲ್ಲಿವೆ. ಒಂದು, ಬೀಜ ಆರಿಸುವವರ ಕೂಲಿ ಏರಿಸಬೇಕು. ಎಣ್ಣೆಯ ಗುಣ ನಿಂತಿರುವುದೇ ಅವರ ಕಣ್ಣಿನ ಮೇಲೆ, ಅವರಿಗೂ ಯಜಮಾನರಿಗೂ 250 ರೂಪಾಯಿ ಅಂತರ ಏಕಿರಬೇಕು? ಇನ್ನೊಂದು, ಕಾಲು ಲೀಟರ್ ಅಳತೆಯ ಬಾಟಲಿ ತರಬೇಕು. ಒಂದು ಲೀಟರಿಗಿಂತ ಕಡಿಮೆ ಕೊಡುವುದೇ ಇಲ್ಲ ಅಂದರೆ ಕೂಲಿಯವರು ಆ ಬಾಗಿಲಿಗೆ ಬರುವುದಾದರೂ ಹೇಗೆ? ಎರಡನೆಯದಕ್ಕೆ ಆಯಿತು ಮೇಡಂ ಎಂದಿದ್ದಾರೆ. ಮೊದಲನೆಯದಕ್ಕೆ ನಕ್ಕರು. ಇನ್ನೊಮ್ಮೆ ಹೋದಾಗ ಮತ್ತೆ ಕೇಳುತ್ತೇನೆ.

ಹೋಗುವವರಿಗೆ: ಸಾಧ್ಯವಿದ್ದರೆ ಬಾಟಲಿ ಬಿಟ್ಟು, ಬೀಜ ತಗೊಂಡೇ ಹೋಗಿ. ಸುಲಿದ ಬೀಜ ಎರಡು ದಿನ ಚೆನ್ನಾಗಿ ಒಣಗಿರಲಿ, ಸುಕ್ಕಿದ್ದು, ಕಪ್ಪಾದದ್ದು ಮನೆಯಲ್ಲೇ ತೆಗೆದುಬಿಡಿ. ಎಣ್ಣೆಗೆ ಸ್ಟೀಲ್ ಕ್ಯಾನು ಒಯ್ಯಿರಿ, ಅವರ ಪ್ಲಾಸ್ಟಿಕ್ ಬಾಟಲಿ ಬೇಡ. ಹಿಂಡಿ ಕೇಳಿ ಇಸಕೊಳ್ಳಿ, ನೀವು ಕೇಳದಿದ್ದರೆ ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ಕತ್ತಲಿರುವ ಜಾಗದಲ್ಲಿಟ್ಟು ಮೂರು ತಿಂಗಳೊಳಗೆ ಮುಗಿಸಿ, ಆಮೇಲೆ ಕಮಟು ಹತ್ತುತ್ತದೆ. ಭಾನುವಾರ ಗಾಣ ನಿಲ್ಲಿಸುತ್ತಾರೆ. ಯುಗಾದಿ, ದೀಪಾವಳಿಯ ಮುಂದೆ ಜನ ಜಾಸ್ತಿ, ಹಿಂದಿನ ದಿನವೇ ಹೋಗಿ ಪಾಳಿ ಬರೆಸಿ ಬನ್ನಿ.